ಸಾವಿರ ವರ್ಷದ ಹಲ್ಲುನೋವು

ಫುನಾಬೊರಿ, ಟೋಕಿಯೊ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅತ್ತೆ, ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀರಿ ತಾನೆ? ಏಪ್ರಿಲ್‌ನಲ್ಲಿ ನೀವು ಬರುವಷ್ಟರಲ್ಲಿ ಇಲ್ಲಿ ಚಳಿ ಇಳಿದಿರುತ್ತದೆ. ನಿಮ್ಮ ಮಡಿಗೆಂದು ಬೇರೆ ಪಾತ್ರೆಗಳನ್ನು ತೆಗೆದಿಟ್ಟಿದ್ದೇನೆ.

ನಿನ್ನೆ ನಿಮ್ಮ ಮಗ, ಚಿನ್ಮಯಿ, ನಾನು ಮೂವರೂ ಒಂದು ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಹೋಗಿದ್ದೆವು. ವೈಕಿಂಗರ ಅಸ್ಥಿಗಳ ಪ್ರದರ್ಶನ. ಸಾವಿರ ವರ್ಷದ ಹಿಂದೆ ಯುರೋಪಿನ ಉತ್ತರದಲ್ಲಿದ್ದ ಕಡಲಿಗರು. ನಾನು ಓದಿದ ಅವರ ಕಥೆಗಳ ಅನುವಾದಗಳಲ್ಲಿ ಅವರು ಕತ್ತಿ ಕೆಳಗಿಟ್ಟದ್ದೇ ಇಲ್ಲ. ಇಲ್ಲಿ ನೋಡಿದರೆ ಹೊಲ ಉತ್ತು, ಹಿಟ್ಟು ಬೀಸಿ ಬೆನ್ನು ಸವೆಸಿಕೊಂಡ ಜನ! ಒಬ್ಬ ಹೆಂಗಸಿನ ದವಡೆಯ ಮುಂದೆ ನಿಂತವಳು ನಾನು ಕದಲಲೇ ಇಲ್ಲ. ಬೀಸುವ ಕಲ್ಲಿನ ಪುಡಿ ರೊಟ್ಟಿಯಲ್ಲಿ ಸೇರಿ ಹಲ್ಲೆಲ್ಲ ಚಪ್ಪಟೆಯಾಗಿವೆ. ಎಡಗಡೆ ಒಂದು ಹಲ್ಲು ಹುಳುಕು. ಪಕ್ಕದ ಸಂದಿಯಲ್ಲಿ ಕಡ್ಡಿ ಆಡಿಸಿ ಆಡಿಸಿ ಗೀರು ಬಿದ್ದಿದೆ. ಆ ಕಡೆ ಪಾಚಿ ಕಲ್ಲುಗಟ್ಟಿ ಕೂತಿದೆ. ಎಂದರೆ ಪಾಪ, ತಿಂಗಳುಗಟ್ಟಲೆ ಬಲಗಡೆಯಲ್ಲೇ ಅಗಿದಿದ್ದಾಳೆ! ಇದನ್ನು ನಾನು ಜೋರಾಗಿಯೇ ಹೇಳಿಬಿಟ್ಟೆ. ಅಲ್ಲಿನ ಸಂಶೋಧಕಿ ಮೊರಿತಾ ಸಾನ್ ಹತ್ತಿರ ಬಂದು, ನೀವು ಹಲ್ಲಿನ ಡಾಕ್ಟರೇ ಎಂದು ಕೇಳಿದರು. ಹೌದು, ಊರಿನಲ್ಲಿ ಆಗಿದ್ದೆ ಎಂದೆ. ನನ್ನ ಬಿಡಿಎಸ್ ಇಲ್ಲಿ ನಡೆಯುವುದಿಲ್ಲವಲ್ಲ. ಒಂಬತ್ತು ವರ್ಷದಿಂದ ಚಿನ್ಮಯಿಯದು ಬಿಟ್ಟರೆ ಬೇರೆಯವರ ಬಾಯಿ ನೋಡಿಲ್ಲ.

ರೈಲಿನಲ್ಲಿ ನಿಮ್ಮ ಮಗ, "ಮನೆಗೆ ಹೋದ ತಕ್ಷಣ ಎಲ್ರೂ ತಲೆಗೆ ಸ್ನಾನ. ಅಮ್ಮ ಕೇಳಿದ್ರೆ ಏನ್ ಹೇಳ್ಲಿ?" ಎಂದರು. ನಿಮ್ಮ ಮೊಮ್ಮಗಳು ಬಿಡುತ್ತಾಳೆಯೇ? "ಅಪ್ಪಾ, ಥೌಸಂಡ್ ಇಯರ್ಸ್ ಆಯ್ತು! ಸೂತಕ ಇನ್ನೂ ಮುಗ್ದಿಲ್ವಾ?" ನಾನು ನಕ್ಕದ್ದಕ್ಕೆ ಎದುರಿನ ಅಜ್ಜ ಕಣ್ಣು ಬಿಟ್ಟು ನೋಡಿದರು. ಆದರೂ ಮೂವರೂ ಸ್ನಾನ ಮಾಡಿದೆವು.

ಮಾವನವರಿಗೆ ನಮಸ್ಕಾರ ತಿಳಿಸಿ. ಚಿನ್ಮಯಿ ನಿಮಗೆ ಮುತ್ತು ಕಳಿಸಿದ್ದಾಳೆ.

ನಿಮ್ಮ ಸೊಸೆ,
ವೇದವಲ್ಲಿ

ತಾ.ಕ.: ಅತ್ತೆ, ಹೇಳಬೇಕಾದದ್ದನ್ನೇ ಬಿಟ್ಟಿದ್ದೆ. ಇಲ್ಲೇ ನಮ್ಮ ಪಕ್ಕದ ಕೋಟೋ ವಾರ್ಡಿನಲ್ಲಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಸಿಕ್ಕ ಹಳೆಯ ಅಸ್ಥಿಗಳು ಮೊರಿತಾ ಸಾನ್ ಬಳಿ ಇವೆ. ಏಪ್ರಿಲ್‌ನಿಂದ ವಾರಕ್ಕೆರಡು ದಿನ ಬಂದು ಹಲ್ಲು ಪರೀಕ್ಷಿಸುತ್ತೀರಾ ಎಂದು ಕೇಳಿದ್ದಾರೆ. ಮೂಳೆಯನ್ನು ಕೈಯಲ್ಲೇ ಹಿಡಿಯಬೇಕು. ನೀವು ಬೇಡವೆಂದರೆ ನಿಮ್ಮ ಮಗ ಕೂಡ ಬೇಡವೆನ್ನುತ್ತಾರೆ. ಅದಕ್ಕೇ ಅವರಿಗಿಂತ ಮೊದಲು ನಿಮಗೆ ಬರೆಯುತ್ತಿದ್ದೇನೆ. ಬಂದ ತಕ್ಷಣ ಸ್ನಾನ ಮಾಡುತ್ತೇನೆ. ಅಷ್ಟಾದರೂ ಆ ದಿನ ನನ್ನ ಕೈಯ ಅನ್ನ ಬೇಡವೆನಿಸಿದರೆ ನೀವೇ ಮಾಡಿಕೊಳ್ಳಿ, ನನಗೆ ಬೇಸರವಿಲ್ಲ. ನಾಳೆ ಇಲ್ಲಿ ರಜೆ. ಮಂಗಳವಾರ ಬೆಳಿಗ್ಗೆ ಒಪ್ಪಿಗೆಯೆಂದು ಮೊರಿತಾ ಸಾನ್‌ಗೆ ಮೇಲ್ ಕಳಿಸುತ್ತೇನೆ.