ಹತ್ತಕ್ಕೂ ಇಲ್ಲ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.10

ಬಚ್ಚಲ ಕ್ಯೂನಲ್ಲಿ ಹನ್ನೊಂದನೆಯವನು. ಹೆಗಲ ಮೇಲೆ ಟವೆಲ್. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಬರೆದಿಡಬೇಡ ಎಂಬುದು ಸಂಘಟನೆಯ ಮೊದಲ ಪಾಠ. ಇಪ್ಪತ್ತು ವರ್ಷ ಊರೂರು ತಿರುಗಿ ಕಲಿಸಿದವನೇ ನಾನು. ಏನು ಮಾಡಲಿ, ಇಲ್ಲಿ ಬೇರೆ ಕೆಲಸವಿಲ್ಲ. ಮಾಡುವ ಹಾಗೂ ಇಲ್ಲ — ಪರದೇಶಕ್ಕೆ ಆಶ್ರಯ ಕೇಳಿ ಬಂದವನು ಅರ್ಜಿ ಇತ್ಯರ್ಥ ಆಗುವ ತನಕ ಕೈಕಟ್ಟಿ ಕೂರಬೇಕು. ಕೈ ಕೂರಲ್ಲ.

ಈ ವಸತಿಗೆ ಬಂದು ಇಪ್ಪತ್ತಮೂರು ದಿನ. ಮೂರನೇ ಮಹಡಿ, ಹದಿನಾಲ್ಕನೇ ರೂಮು. ನಡುವೆ ಒಂದು ಬೆಡ್‌ಶೀಟ್ ಕಟ್ಟಿದ್ದೇನೆ. ಆ ಕಡೆ ಅತ್ತಿಗೆ, ಈ ಕಡೆ ನಾನು. ಇವತ್ತೂ ಎದ್ದು ನೋಡಿದರೆ ಅತ್ತಿಗೆ ಮಂಚದ ಅಂಚಿಗೆ ನೆಟ್ಟಗೆ ಕೂತಿದ್ದಾರೆ. ಶೂ ಹಾಕಿಕೊಂಡು. ಲೇಸಿಗೆ ಎರಡೆರಡು ಗಂಟು. ಮಡಿಲಲ್ಲಿ ಬ್ಯಾಗು.

"ಎಲ್ಲಿಗೆ ಹೊರಟಿರಿ ಅತ್ತಿಗೆ?"

"ಎಲ್ಲಿಗೂ ಇಲ್ಲಪ್ಪ. ಸುಮ್ನೆ."

"ಶೂ ಬಿಚ್ಚಿ ಮಲಗಬಾರದಾ?"

"ನೀನು ಹೋಗು. ಕ್ಯೂ ಬೆಳೆಯುತ್ತೆ."

ಮಾರ್ಚ್ 4. ಮಧ್ಯಾಹ್ನ

ಎದುರು ರೂಮಿನ ಬಾಣಸಿಗ ಬಂದಿದ್ದ. ಒಂದು ಕಾಲಕ್ಕೆ ಸಾವಿರ ಜನರ ಮದುವೆ ಅಡುಗೆ ಇಳಿಸಿದವನು. ಈಗ ಡಬ್ಬಿಯಲ್ಲಿ ಬರುವ ತಣ್ಣನೆ ಊಟಕ್ಕೆ ಬೈಯುವುದೇ ಉದ್ಯೋಗ.

"ಗುರುವೇ, ನರ್ಸಮ್ಮ ನಮ್ಮ ಬ್ಯಾಚನ್ನ ಹೊಗಳ್ತಿದ್ದಾಳೆ. ಇಷ್ಟು ಗಟ್ಟಿ ಮನಸ್ಸಿನ ಜನಾನ ನೋಡೇ ಇಲ್ಲವಂತೆ."

ಇಬ್ಬರೂ ನಕ್ಕೆವು. ಬಂದ ಎರಡನೇ ದಿನದ ತಪಾಸಣೆ. ಒಬ್ಬಳು ನರ್ಸ್, ಸ್ಪೀಕರ್ ಫೋನಿನಲ್ಲಿ ದುಭಾಷಿ, ಹತ್ತು ಪ್ರಶ್ನೆ. ನಿದ್ದೆಯಲ್ಲಿ ಬೆಚ್ಚುತ್ತೀರಾ. ನಡೆದದ್ದು ಮತ್ತೆ ಕಣ್ಣ ಮುಂದೆ ಬರುತ್ತಾ. ಸಾಯಬೇಕು ಅನ್ನಿಸುತ್ತಾ. ಮೊದಲು ಒಳಗೆ ಹೋಗಿ ಬಂದವನು ಇದನ್ನು ಹೇಳಿದ್ದೇ ತಡ, ನನ್ನ ಹಳೇ ರಕ್ತ ಕುದಿಯಿತು. ಸರ್ಕಾರದ ಕುರ್ಚಿ, ಸರ್ಕಾರದ ಫಾರಂ. ಎದುರು ಮಾತಾಡಿದವರಿಗೆ ಹುಚ್ಚರೆಂದು ಸರ್ಟಿಫಿಕೇಟ್ ಕೊಟ್ಟು ಕೂಡಿಹಾಕಿದ್ದನ್ನು ನಮ್ಮ ನೆಲದಲ್ಲಿ ಕಣ್ಣಾರೆ ಕಂಡವನು ನಾನು. ಕಾರಿಡಾರಿನಲ್ಲಿ ಸಾಲು ನಿಂತ ಇಪ್ಪತ್ತೇಳು ಜನಕ್ಕೂ ಪಾಠ ಮಾಡಿದೆ. ಏನೇ ಕೇಳಲಿ, ಇಲ್ಲ ಅನ್ನಿ. ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಅನ್ನಿ. ಠಾಣೆಗೆ ಕರೆ ಬಂದಾಗ ನಮ್ಮ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠವೇ.

ಇಪ್ಪತ್ತೇಳು ಜನ, ಇನ್ನೂರ ಎಪ್ಪತ್ತು 'ಇಲ್ಲ'. ಅತ್ತಿಗೆಯದೂ ಸೇರಿ. ಶಿಸ್ತು ಅಂದರೆ ಇದು ಅಂದುಕೊಂಡೆ.

ಮಾರ್ಚ್ 6, ಗುರುವಾರ. 11.30

ರೂಮಿನಲ್ಲಿ ವಾಸನೆ. ಅತ್ತಿಗೆಯ ಶೂನಿಂದ. ಗದರಿಸಿ ಆರೋಗ್ಯ ಕೊಠಡಿಗೆ ಕರೆದೊಯ್ದೆ. ಅಣ್ಣನ ಹೆಂಡತಿಯ ಮೇಲೆ ದನಿ ಎತ್ತಿದ್ದು ಇದೇ ಮೊದಲು.

ನರ್ಸ್ ಕಾಲುಚೀಲವನ್ನು ಕತ್ತರಿಯಲ್ಲಿ ಕತ್ತರಿಸಬೇಕಾಯಿತು. ಬೆರಳ ಸಂದು ಕೊಳೆತಿದೆ. ಹಿಮ್ಮಡಿಯಲ್ಲಿ ಕೀವು. ಮುಲಾಮು, ಮಾತ್ರೆ, ಬ್ಯಾಂಡೇಜು — ಹತ್ತೇ ನಿಮಿಷ. ಕಾಲಿಗೆ ಎಲ್ಲ ಉಂಟು.

"ಕಾಯಿಲೆ ಕಾಲಿನದಲ್ಲ ತಾಯಿ. ಇವರು ಶೂ ಯಾಕೆ ಬಿಚ್ಚಲ್ಲ ಅಂತ ಕೇಳೋ ಡಾಕ್ಟರು ಬೇಕು."

ಕಂಪ್ಯೂಟರ್ ನೋಡಿದಳು. ಅವಳ ಮಾತನ್ನು ಫೋನಿನೊಳಗಿನ ದುಭಾಷಿ ಒಪ್ಪಿಸಿದ: "ಇವರಿಗೆ ಅಂಥ ತೊಂದರೆ ಇಲ್ಲ. ಹತ್ತಕ್ಕೂ ಇಲ್ಲ ಅಂದಿದ್ದಾರೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ? ಎದುರಿಗೇ ಕೂತಿದ್ದಾರಲ್ಲ."

ದುಭಾಷಿ ಏನು ಹೇಳಿದನೋ. ನರ್ಸ್ ಅತ್ತಿಗೆಯ ಅಂಗೈ ತಿರುಗಿಸಿ ನೋಡಿದಳು. ಕೆಟ್ಟವಳಲ್ಲ. ನಿಯಮ ಕೆಟ್ಟದ್ದು. ನಾಲ್ಕು ಪ್ರಶ್ನೆಗಾದರೂ 'ಹೌದು' ಅಂದಿದ್ದರೆ ಮನಸ್ಸಿನ ಡಾಕ್ಟರ ಬಳಿ ಕಳಿಸುವ ಹಳದಿ ಚೀಟಿ ಸಿಗುತ್ತಿತ್ತು. ತಪಾಸಣೆ ಒಂದೇ ಸಲ. ಇನ್ನೊಮ್ಮೆ ಮಾಡಲು ಮನಸ್ಸಿನ ಡಾಕ್ಟರೇ ಬರೆದುಕೊಡಬೇಕು.

ಬಾಣಸಿಗನಿಗೆ ಹೇಳಿದೆ. "ಸರಿ ಹೋಯ್ತು," ಅಂದ. "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ."

ಮಾರ್ಚ್ 17, ಸೋಮವಾರ. 9 ಗಂಟೆ

ಇಷ್ಟು ದಿನ ಬರೆಯಲಿಲ್ಲ. ಕಚೇರಿ, ಕಚೇರಿ, ಕಚೇರಿ. ಬಸ್ ನಿಲ್ದಾಣದ ಹಿಂದೆ ನೆರವಿನ ಸಂಸ್ಥೆಯೊಂದಿದೆ. ಅಲ್ಲಿ ಕೌನ್ಸೆಲರ್ ಇದ್ದಾಳೆ. ಹನ್ನೊಂದು ವಾರದ ಕ್ಯೂ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು.

ಇವತ್ತು ಏಳೂವರೆಗೆ ಕೆಳಗೆ ಬ್ರೇಕ್ ಕಿರುಚಿತು. ಕಿಟಕಿಯಿಂದ ಬಗ್ಗಿದೆ. ಹೊದಿಕೆ ಒಗೆಯಲು ಒಯ್ಯುವ ವ್ಯಾನು ಗೇಟು ದಾಟಿ ಹೋಗುತ್ತಿದೆ. ಅದರ ಹಿಂದೆ ಓಡಿದವರು ಅತ್ತಿಗೆ. ಬ್ಯಾಂಡೇಜಿನ ಮೇಲೇ ಶೂ. ಅಡ್ಡ ಬಂದ ಕಾರು ಅವರಿಂದ ಒಂದು ಗೇಣು ಬಿಟ್ಟು ನಿಂತಿದೆ.

ಮೂರು ಮಹಡಿ ಹೇಗೆ ಇಳಿದೆನೋ. ರಸ್ತೆಯ ಮಧ್ಯೆ ಕೂತಿದ್ದರು. ಏದುಸಿರು.

"ಅವತ್ತು ಚಪ್ಪಲಿ ಹಾಕಿದ್ದಿದ್ರೆ ಜೀಪು ಸಿಗ್ತಿತ್ತು ಕಣಪ್ಪ."

ಪೊಲೀಸರು ಅಣ್ಣನನ್ನು ಜೀಪಿನಲ್ಲಿ ಎಳೆದೊಯ್ದ ಬೆಳಿಗ್ಗೆ ಅತ್ತಿಗೆ ಅದರ ಹಿಂದೆ ಬರಿಗಾಲಲ್ಲಿ ಓಡಿದ್ದರು. ಜಲ್ಲಿ ಹಾಕಿದ ರಸ್ತೆ. ಒಂಬತ್ತು ದಿನದ ಮೇಲೆ ಹೆಣ ಕೊಟ್ಟರು.

ಮಾರ್ಚ್ 19, ಬುಧವಾರ

ವಕೀಲೆಯ ಬಳಿ ಹೋಗಿದ್ದೆ. ನಮ್ಮಿಬ್ಬರ ಅರ್ಜಿ ನೋಡಿಕೊಳ್ಳುವವಳು. ವಯಸ್ಸಿನಲ್ಲಿ ನನ್ನ ಅರ್ಧ. ಅಲ್ಲೂ ಫೋನಿನ ದುಭಾಷಿ.

"ಒಂದು ದಾರಿ ಇದೆ. ಅವರು ತಾವೇ ಉತ್ತರ ಬದಲಿಸಿದರೆ ಒಪ್ಪಲ್ಲ. ಅವರ ಉತ್ತರ ಸುಳ್ಳು, ನಾನೇ ಹೇಳಿಕೊಟ್ಟೆ ಅಂತ ನೀವು ಬರೆದುಕೊಟ್ಟರೆ ತಪಾಸಣೆ ಮತ್ತೆ ಮಾಡಲೇಬೇಕು."

"ಕೊಡಿ ಪೆನ್ನು."

"ಪೂರ್ತಿ ಕೇಳಿ. ಅತ್ತಿಗೆಯದು ಬೇರೆ ಫೈಲು, ಅವರ ಬಳಿ ಗಂಡನ ಮರಣಪತ್ರ ಇದೆ. ನಿಮ್ಮ ಬಳಿ ಒಂದು ಕಾಗದವೂ ಇಲ್ಲ. ನಿಮ್ಮ ಕೇಸು ನಿಂತಿರೋದೇ ನಿಮ್ಮ ಮಾತಿನ ಮೇಲೆ. ಸಾಲು ನಿಲ್ಲಿಸಿ ಸುಳ್ಳು ಕಲಿಸಿದವನ ಮಾತನ್ನ ಅಧಿಕಾರಿ ಯಾಕೆ ನಂಬಬೇಕು? ವಾಪಸ್ ಕಳಿಸಬಹುದು."

ವಾಪಸ್ ಅಂದರೆ ಅದೇ ಜೀಪು.

ನಾಳೆ ಬರುತ್ತೇನೆ ಅಂದೆ. ಬೀದಿಯಲ್ಲಿ ನಿಂತು ನೂರಾರು ಭಾಷಣ ಬಿಗಿದ ಬಾಯಿ. ನಾಳೆ ಬರುತ್ತೇನೆ ಅಂತು.

ಮಾರ್ಚ್ 20

ಹೋಗಲಿಲ್ಲ.

ಮಾರ್ಚ್ 21

ಹೋಗಲಿಲ್ಲ. ಕಾರಿಡಾರ್ ಈ ತುದಿಯಿಂದ ಆ ತುದಿಗೆ ಎಪ್ಪತ್ತೆರಡು ಹೆಜ್ಜೆ. ಬಾಣಸಿಗ ಬಾಗಿಲಿಂದ ತಲೆ ಹಾಕಿದ: "ನೆಲ ಸವೆಯುತ್ತೆ ಗುರುವೇ. ನಮ್ಮಪ್ಪನ ಮನೆಯಲ್ಲ ಇದು."

ಮಾರ್ಚ್ 23, ಭಾನುವಾರ. ಸಂಜೆ 5

ಅತ್ತಿಗೆಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದರು.

"ನಿನ್ನಣ್ಣನಿಗೂ ನೀನು ಅದನ್ನೇ ಹೇಳಿಕೊಟ್ಟಿದ್ದೆ, ಅಲ್ವಾ? ಒಂಬತ್ತು ದಿನ ಇಲ್ಲ, ಇಲ್ಲ ಅಂತಲೇ ಅಂದಿದ್ದಾರೆ. ನಿನ್ನ ಅಡಗುತಾಣ ಹೇಳಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಅಂಗಿಯ ತೋಳು ನೀವಿ, ಮಡಚಿ, ಪಕ್ಕಕ್ಕಿಟ್ಟರು.

"ಬರೆದುಕೊಡ್ತೀನಿ ಅತ್ತಿಗೆ."

"ನಿನ್ನನ್ನೂ ಒಯ್ದರೆ? ನನಗೆ ಇನ್ಯಾರಿದ್ದಾರೆ? ಬೇಡ. ಶೂ ತಾನೇ, ಬಿಚ್ಚಿದರಾಯ್ತು ಬಿಡು."

ಬಗ್ಗಿ ಲೇಸ್ ಬಿಚ್ಚಿದರು. ಮತ್ತೆ ಕಟ್ಟಿದರು. ಬಿಚ್ಚಿದರು. ಕಟ್ಟಿದರು. ಮೂರನೇ ಸಲ ನೋಡಲಾರದೆ ಎದ್ದು ಬಂದೆ.

ಮಾರ್ಚ್ 24. ಮಧ್ಯಾಹ್ನ

ಸಹಿ ಹಾಕಿದೆ. ಎರಡು ಪುಟ. ತಪ್ಪು ನನ್ನದು ಅಂತ ಮೊದಲ ಸಾಲಿನಲ್ಲೇ ಬರೆದೆ. ಎರಡನೇ ಪುಟದಲ್ಲಿ ಇಲ್ಲಿನ ಸರ್ಕಾರದ ತಪ್ಪು. ಮೈಮೇಲಿನ ದಾರಿ ಧೂಳು ತೊಳೆಯುವ ಮೊದಲೇ, ಮುಖ ಕಾಣದ ದನಿಯೊಂದಕ್ಕೆ ಎದೆ ಬಿಚ್ಚು ಅಂದವರು ಯಾರು? ಒಂದೇ ಸಲ ಕೇಳಿ ಬಾಗಿಲು ಹಾಕಿಕೊಂಡವರು ಯಾರು? ಕೀವಿಗೆ ಹತ್ತು ನಿಮಿಷ, ನೋವಿಗೆ ಹನ್ನೊಂದು ವಾರ, ಇದು ಯಾವ ನ್ಯಾಯ? ಅದನ್ನ ಹೊಡೆದುಹಾಕಿ ಅಂದಳು ವಕೀಲೆ. ಹೊಡೆಯಲಿಲ್ಲ.

ವಾಪಸ್ ಬಂದು ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಹೇಳಿದೆ. ಅವತ್ತು ಕಲಿಸಿದ್ದು ತಪ್ಪು. ನಿಮ್ಮ ಯಾರ ಹೆಸರೂ ಬರೆದಿಲ್ಲ. ಬೇಕಾದವರು ನನ್ನ ಹೇಳಿಕೆ ತೋರಿಸಿ ತಮ್ಮದು ತಾವು ಬರೆದುಕೊಡಿ. ಒಬ್ಬ ಉಗಿದು ಬಾಗಿಲು ಬಡಿದ. ಬಾಣಸಿಗ ಮಾತ್ರ ಅಲ್ಲೇ ನಿಂತಿದ್ದ.

"ನಂದೂ ಬರೆದುಕೊಡು ಗುರುವೇ. ಬೆಂಕಿ ಕಂಡರೆ ಕೈ ಕಾಲು ತಣ್ಣಗಾಗುತ್ತೆ. ಒಲೆ ಮುಂದೆ ನಿಲ್ಲೋಕಾಗಲ್ಲ ಅಂತ ಹೇಳೋಕೆ ನಾಚಿಕೆ. ಅದಕ್ಕೇ ಅವರ ಊಟಕ್ಕೆ ಬೈಕೊಂಡಿದ್ದೆ."

ಏಪ್ರಿಲ್ 8, ಮಂಗಳವಾರ. 10.40

ಆರೋಗ್ಯ ಕೊಠಡಿಯ ಹೊರಗೆ, ಬೆಂಚಿನ ಮೇಲೆ. ನಿನ್ನೆ ಎರಡು ಕಾಗದ ಒಟ್ಟಿಗೇ ಬಂದವು. ಒಂದರಲ್ಲಿ ಅತ್ತಿಗೆಗೂ ನನಗೂ ಮರುತಪಾಸಣೆ. ಇನ್ನೊಂದರಲ್ಲಿ ನನ್ನ ಹೇಳಿಕೆಗಳೆಲ್ಲ ಅನುಮಾನಾಸ್ಪದ, ಇಪ್ಪತ್ತೆರಡಕ್ಕೆ ವಿಚಾರಣೆ.

ಒಳಗೆ ಹೋಗುವ ಮೊದಲು ಅತ್ತಿಗೆ ಬಾಗಿಲಲ್ಲಿ ನಿಂತರು. ಬಗ್ಗಿದರು. ಶೂ ಬಿಚ್ಚಿ ನನ್ನ ಕೈಗಿಟ್ಟರು.

"ಹಿಡ್ಕೊಂಡಿರು. ಎಲ್ಲೂ ಹೋಗಬೇಡ."

ತೊಡೆಯ ಮೇಲೆ ಶೂ, ಅದರ ಮೇಲೆ ಈ ಪುಸ್ತಕ. ನಲವತ್ತು ನಿಮಿಷ ಆಯ್ತು. ದುಭಾಷಿಯ ದನಿ, ಆಮೇಲೆ ಅತ್ತಿಗೆಯ ದನಿ. ಮಾತು ಬಿಡಿಸಿ ಕೇಳುತ್ತಿಲ್ಲ. ಆದರೆ 'ಇಲ್ಲ' ಅನ್ನುವುದು ಇಷ್ಟು ಉದ್ದ ಇರುವುದಿಲ್ಲ.

ಮುಂದಿನವನು ನಾನು. ನನಗೇನಾಗಿದೆ, ನಾನು ಬರಲ್ಲ ಅಂದಿದ್ದೆ ಬೆಳಿಗ್ಗೆ. "ಬೆಡ್‌ಶೀಟು ಗೋಡೆ ಅಂದ್ಕೊಂಡಿದ್ದೀಯಾ?" ಅಂದರು. "ದಿನಾ ನಿದ್ದೆಯಲ್ಲಿ ನಿನ್ನಣ್ಣನ್ನ ಕೂಗ್ತೀಯ."

ಮೊದಲ ಪ್ರಶ್ನೆ ಬಾಯಿಪಾಠ. ನಿದ್ದೆಯಲ್ಲಿ ಬೆಚ್ಚುತ್ತೀರಾ. ಉತ್ತರವೂ ಬಾಯಿಪಾಠ, ಇಪ್ಪತ್ತು ವರ್ಷದ್ದು. ನಾಲಿಗೆ ಈಗಲೂ ಅದನ್ನೇ ಹಿಡಿದು ಕೂತಿದೆ.

ಬಾಗಿಲು ತೆರೆಯಿತು. ಅತ್ತಿಗೆ. ಬರಿಗಾಲು. ಕೈಯಲ್ಲಿ ಹಳದಿ ಚೀಟಿ. ಶೂ ಕೇಳುತ್ತಿಲ್ಲ. ನನ್ನ ಪಕ್ಕ ಕೂತು, ಪೆನ್ನಿಗೆ ಕೈ ಹಾಕಿ, "ಇಲ್ಲಿ ಬರೆದದ್ದು ಸಾಕು, ಹೋಗಿ ಅಲ್ಲಿ ಹೇಳು," ಅಂತ ಪೆನ್ನು ಕಿತ್ತುಕೊಳ್ಳು—