ಮಂಚ ಅಳೆದ ತಪ್ಪಿಗೆ ನನ್ನ ಸಮಜಾಯಿಷಿ

ಹೊಸ ಮನೆಗಳಿಗೆ ಪರವಾನಗಿ ಕೊಡುವ ಪ್ರಾಧಿಕಾರದ ಮಾನ್ಯ ಮುಖ್ಯಾಧಿಕಾರಿಗಳೇ,

ಒಂದು ಮಂಚವನ್ನೂ ಒಂದು ಸೋಫಾವನ್ನೂ ಅಳತೆ ಮಾಡಿದ ತಪ್ಪಿಗೆ ಹದಿನೈದು ದಿನಗಳೊಳಗೆ ಸಮಜಾಯಿಷಿ ಕೊಡಬೇಕೆಂದು ತಾವು ನನಗೆ ನೋಟೀಸು ಕಳಿಸಿದ್ದೀರಿ. ಕಟ್ಟಡ ಕಂಪನಿಯವರು ನನ್ನ ಮೇಲೆ ದೂರು ಕೊಟ್ಟ ಎಂಟನೇ ದಿನಕ್ಕೆ ಅದು ನನ್ನ ಕೈ ಸೇರಿದೆ. ಅದೇ ಕಂಪನಿಯ ಮೇಲೆ ನಾನು ಕೊಟ್ಟ ದೂರಿಗೆ ತಮ್ಮ ಕಚೇರಿಯಿಂದ ಉತ್ತರ ಬರಲು ಐದು ತಿಂಗಳು ಹಿಡಿದಿತ್ತು. ಹಾಗಾಗಿ ತಮ್ಮ ಕಚೇರಿ ನಿಧಾನ ಎಂದು ಇನ್ನು ಮುಂದೆ ಯಾರಾದರೂ ಆಡಿಕೊಂಡರೆ, ಹಾಗೇನಿಲ್ಲ, ಯಾರ ಕಾಗದ ಎಂಬುದರ ಮೇಲೆ ಹೋಗುತ್ತದೆ ಎಂದು ನಾನೇ ತಮ್ಮ ಪರವಾಗಿ ವಾದ ಮಾಡುತ್ತೇನೆ.

ನೋಟೀಸಿನಲ್ಲಿ ನನ್ನ ಮೇಲೆ ಮೂರು ಆರೋಪಗಳಿವೆ. ನಾನು ‘ನೈಜ ಖರೀದಿದಾರನಲ್ಲ’. ಅನುಮತಿಯಿಲ್ಲದೆ ಅಳತೆ ತೆಗೆದಿದ್ದೇನೆ. ನೆರೆಹೊರೆಯವರನ್ನು ಕೂಡಿಕೊಂಡು ಮಾದರಿ ಮನೆಯ ಸೋಫಾದ ಮೇಲೆ ‘ನಲವತ್ತು ನಿಮಿಷಗಳ ಕಾಲ ಅನಗತ್ಯ ಸಂಭಾಷಣೆ’ ನಡೆಸಿದ್ದೇನೆ. ಮೂರೂ ನಿಜ. ಒಪ್ಪಿಕೊಂಡ ಮೇಲೆ ಮುಚ್ಚಿಡುವುದೇನು, ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ನಾನೊಬ್ಬ ದರ್ಜಿ. ಮೂರು ಮಹಡಿಯ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ನನ್ನ ಬಾಡಿಗೆ ಮನೆ. ಅದರ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡನೇ ಮಹಡಿಯಲ್ಲಿ ಒಬ್ಬ ಕಾಂಪೌಂಡರು. ಮೂರನೇ ಮಹಡಿಯಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುವ ನಿವೃತ್ತ ಗ್ರಂಥಪಾಲಕಿ ಮತ್ತು ಅವರ ಯಜಮಾನರು. ಯಜಮಾನರು ಬಸ್ ಓಡಿಸುತ್ತಿದ್ದವರು, ಆರಡಿ ಮೂರಂಗುಲ ಎತ್ತರ. ಬೀದಿಯವರು ಅವರಿಗೆ ಇಟ್ಟ ಹೆಸರು ‘ದೀಪದ ಕಂಬ’. ನನಗೆ ಅವರು ಭಾವ.

ಎರಡೂವರೆ ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತು. ಗಾಲಿಕುರ್ಚಿ ಬಂತು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂವತ್ತೈದು ವರ್ಷ ಸಾವಿರಾರು ಪುಸ್ತಕಗಳ ನಡುವೆ ಓಡಾಡಿದ ಹೆಂಗಸು ಕಿಟಕಿಯ ಪಕ್ಕ ಕೂತು, ಕೆಳಗೆ ಹೋಗುವವರ ನೆತ್ತಿ ನೋಡುತ್ತಾ ದಿನ ಕಳೆಯುವಂತಾಯಿತು. “ಈ ಬೀದೀಲಿ ಯಾರ್ ಯಾರಿಗೆ ತಲೆ ಬೋಳಾಗ್ತಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಬಿಡು,” ಎಂದು ನಗುತ್ತಿದ್ದರು. ಭಾವನಿಗೆ ಆ ನಗು ನೋಡಲಾಗುತ್ತಿರಲಿಲ್ಲ. ಲಿಫ್ಟ್ ಇರುವ ಮನೆಯೊಂದನ್ನು ಕೊಂಡೇ ತೀರುತ್ತೇನೆಂದು ಹಟ ಹಿಡಿದು, ನಿವೃತ್ತಿಯ ದುಡ್ಡನ್ನೆಲ್ಲ ಒಟ್ಟುಮಾಡಿ ಮಾದರಿ ಮನೆಗಳನ್ನು ನೋಡಲು ಹೊರಟರು.

ಐದು ಜನರಿದ್ದರೆ ಕಂಪನಿಯವರು ಮನೆ ಬಾಗಿಲಿಗೇ ವ್ಯಾನು ಕಳಿಸುತ್ತಾರೆ. ಅಕ್ಕ, ಭಾವ, ನಾನು, ನನ್ನ ಹೆಂಡತಿ, ಕಾಂಪೌಂಡರು: ಲೆಕ್ಕ ಸರಿಹೋಯಿತು. ಅಕ್ಕನನ್ನು ಕುರ್ಚಿ ಸಮೇತ ಇಳಿಸಲು ಹೇಗಿದ್ದರೂ ಆಳು ಬೇಕಲ್ಲ. ಭಾವ ಮುಂದೆ, ನಾನು ಮತ್ತು ಕಾಂಪೌಂಡರು ಹಿಂದೆ. ನನ್ನ ಹೆಂಡತಿ ಎರಡು ಮೆಟ್ಟಿಲು ಕೆಳಗೆ ನಿಂತು, ತಾನು ಕೈ ಹಚ್ಚದೆಯೇ, ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದಳು. ಹೀಗೆ ನಾಲ್ಕು ಭಾನುವಾರಗಳಲ್ಲಿ ಒಂದೇ ಕಂಪನಿಯ ನಾಲ್ಕು ಮನೆ ನೋಡಿದೆವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗಿನ ಬೆಲೆ ಕೇಳಿದ ಮೇಲೆ ಕಟ್ಟುವುದೂ ಬೇಡ, ಕೊಳ್ಳುವುದೂ ಬೇಡ, ಬರೀ ನೋಡು ಸಾಕು ಎನ್ನಿಸುತ್ತದೆ. ಮೊದಲನೆಯ ಮನೆಯ ಬೆಲೆ ಕೇಳಿ ಕಾಂಪೌಂಡರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು. ಟೈ ಕಟ್ಟಿದ್ದ ಮಾರಾಟಗಾರ, ನೀವು ಕೊಡುವ ದುಡ್ಡು ಮನೆಗಲ್ಲ, ಜೀವನಶೈಲಿಗೆ ಎಂದು ಸಮಾಧಾನ ಹೇಳಿದ. ಹಾಗಾದರೆ ಮನೆಯನ್ನು ಬಿಟ್ಟಿಯಾಗಿ ಕೊಡುತ್ತೀರಾ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಅವನು ಎಲ್ಲರಿಗೂ ಹಣ್ಣಿನ ರಸ ತರಿಸಿದ.

ಆದರೆ ಒಂದು ಮಾತು ಹೇಳಲೇಬೇಕು. ಹದಿನಾಲ್ಕು ವರ್ಷ ಒಂದೇ ಮೆಟ್ಟಿಲು ಹತ್ತಿಳಿದ ನಾವು ಒಬ್ಬರ ಮನೆಯಲ್ಲಿ ಒಬ್ಬರು ಕೂತು ಮಾತಾಡಿದ್ದು ಅಷ್ಟಕ್ಕಷ್ಟೆ. ಯಾರದೋ ಮಾದರಿ ಮನೆಯ ನಡುಮನೆಯಲ್ಲಿ, ಯಾರದೋ ಸೋಫಾದ ಮೇಲೆ, ಕಂಪನಿಯವರು ಕೊಟ್ಟ ಹಣ್ಣಿನ ರಸ ಕುಡಿಯುತ್ತಾ ನಮಗೆ ಪರಸ್ಪರ ಪರಿಚಯವಾಯಿತು. ಕಾಂಪೌಂಡರಿಗೆ ಹಾಡಲು ಬರುತ್ತದೆಂದು ಎರಡನೇ ಮನೆಯಲ್ಲಿ ಗೊತ್ತಾಯಿತು. ಭಾವನಿಗೆ ಕತ್ತಲೆಂದರೆ ಭಯ ಎಂದು ಮೂರನೆಯದರಲ್ಲಿ. ತಮ್ಮ ನೋಟೀಸಿನ ‘ಅನಗತ್ಯ ಸಂಭಾಷಣೆ’ ಇದೇ. ಹರಟೆಗೂ ತಮ್ಮ ಪರವಾನಗಿ ಬೇಕೆಂದು ನಮಗೆ ತಿಳಿದಿರಲಿಲ್ಲ.

ನಾಲ್ಕನೆಯ ಮನೆ ಎಲ್ಲರಿಗೂ ಹಿಡಿಸಿತು. ಅಕ್ಕ ಯಾರ ಸಹಾಯವೂ ಇಲ್ಲದೆ ಕುರ್ಚಿ ತಳ್ಳಿಕೊಂಡು ನಡುಮನೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲುಮನೆಗೆ ಹೋಗಿ ತಿರುಗಿ ಬಂದರು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಬಚ್ಚಲಿಗೆ ಒಬ್ಬರೇ ಹೋಗಿ ಬಂದದ್ದು. ಭಾವ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಸೋಮವಾರವೇ ಬಂದು ಸಹಿ ಹಾಕುತ್ತೇನೆಂದು ಮಾರಾಟಗಾರನಿಗೆ ಮಾತು ಕೊಟ್ಟು, ಆ ಸಂತೋಷದಲ್ಲಿ ಹೋಗಿ ಮಂಚದ ಮೇಲೆ ಮೈಚಾಚಿದರು.

ಮೊಣಕಾಲಿನಿಂದ ಕೆಳಗಿನ ಭಾವ ಮಂಚದ ಹೊರಗಿದ್ದರು.

ಎತ್ತರದವರಲ್ಲವೇ, ಹಾಗೇ ಇರುತ್ತದೆ ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಭಾವನ ಷರಾಯಿ ಹೊಲಿಯುವವನು ನಾನು. ಅವರ ಕಾಲು ಎಷ್ಟಿದೆಯೆಂದು ನನಗೆ ಗೊತ್ತು. ದರ್ಜಿಯ ಕೊರಳಲ್ಲಿ ಟೇಪು ಇದ್ದೇ ಇರುತ್ತದೆ. ಹಿಡಿದು ನೋಡಿದೆ. ಮಂಚ ಐದಡಿಗೂ ಒಂದಂಗುಲ ಕಡಿಮೆ. ಸೋಫಾದ ಆಳ ಒಂದೂಕಾಲಡಿ. ಕೋಣೆ ದೊಡ್ಡದಾಗಿ ಕಾಣಲಿ ಎಂದು ಸಾಮಾನನ್ನೆಲ್ಲ ಕುಗ್ಗಿಸಿಟ್ಟಿದ್ದರು. ಅಷ್ಟರಲ್ಲಿ ಅಕ್ಕ ಕಪಾಟಿನಿಂದ ಒಂದು ಪುಸ್ತಕ ಎಳೆದರೆ ಇಡೀ ಸಾಲು ಒಂದೇ ಹಲಗೆಯಾಗಿ ಕೈಗೆ ಬಂತು. ರಟ್ಟಿನ ಬೆನ್ನುಗಳನ್ನು ಸಾಲಾಗಿ ಅಂಟಿಸಿದ್ದರು. ಅಕ್ಕ ಅದನ್ನು ತಿರುಗಿಸಿ ನೋಡಿ, ಸತ್ತ ಹಕ್ಕಿಯನ್ನು ನೆಲಕ್ಕಿಡುವ ಹಾಗೆ ವಾಪಸ್ ಇಟ್ಟರು.

ಆಗ ನನ್ನ ಹೆಂಡತಿ ಕೇಳಿದಳು, “ಅಲ್ಲಾ, ಈ ಮನೇಲಿ ಬಾಗಿಲುಗಳೇ ಇಲ್ವಲ್ಲ?”

ನಾವ್ಯಾರೂ ಗಮನಿಸಿರಲಿಲ್ಲ. ಬಚ್ಚಲಿಗೂ ಇಲ್ಲ, ಕೋಣೆಗೂ ಇಲ್ಲ. ಚೌಕಟ್ಟೂ ಇಲ್ಲ; ಗೋಡೆಯಲ್ಲಿ ಬರೀ ಖಾಲಿ ಜಾಗ. ಮನೆ ವಿಶಾಲವಾಗಿ ಕಾಣಲೆಂದು ಹಾಗೆ ಬಿಟ್ಟಿದ್ದೇವೆ, ನಿಜವಾದ ಮನೆಯಲ್ಲಿ ಎಲ್ಲ ಇರುತ್ತದೆ ಎಂದ ಮಾರಾಟಗಾರ. ಎಷ್ಟು ಅಗಲದ್ದು ಎಂದರೆ, ಎಲ್ಲ ಕಡೆ ಇರುವಷ್ಟೇ ಎಂದ. ಅಕ್ಕ ಅವನ ಕೈಯಿಂದ ಬಣ್ಣದ ಪುಸ್ತಿಕೆ ಇಸಿದುಕೊಂಡರು. ಮುಖಪುಟದ ಮರ ಗಿಡ ನಗುಮುಖಗಳನ್ನೆಲ್ಲ ದಾಟಿ ನೇರ ಕೊನೆಯ ಪುಟಕ್ಕೆ ಹೋಗಿ, ಇರುವೆಸಾಲಿನಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ‘ಮಾದರಿ ಮನೆಯ ಪೀಠೋಪಕರಣ, ಗೋಡೆ ಮತ್ತು ದ್ವಾರಗಳು ಕಲ್ಪನೆಗಾಗಿ ಮಾತ್ರ. ಬಚ್ಚಲುಮನೆಯ ಬಾಗಿಲು ಇಪ್ಪತ್ತನಾಲ್ಕು ಇಂಚು.’

ನಾನು ಗಾಲಿಕುರ್ಚಿಗೆ ಟೇಪು ಹಿಡಿದೆ. ಇಪ್ಪತ್ತೈದೂವರೆ.

ಮಾನ್ಯರೇ, ಮಂಚ ಕಲ್ಪನೆ, ಪುಸ್ತಕ ಕಲ್ಪನೆ, ಗೋಡೆಯೂ ಕಲ್ಪನೆ. ಬೆಲೆಯೊಂದು ಮಾತ್ರ ಕಲ್ಪನೆಯಲ್ಲ. ಒಂದೂವರೆ ಇಂಚು ಎಂದರೆ ನನ್ನ ಕಸುಬಿನಲ್ಲಿ ಒಂದು ಮಡಿಕೆ. ಬಿಚ್ಚಿ ಹೊಲಿದರೆ ಮುಗಿಯಿತು. ಗೋಡೆಯನ್ನು ಹಾಗೆ ಬಿಚ್ಚಲಾಗುತ್ತದೆಯೇ? ಬೇಕಾದರೆ ಅಗಲ ಮಾಡಿಕೊಡಿ ಎಂದು ಭಾವ ಕೇಳಿಕೊಂಡರು. ಪ್ರಾಧಿಕಾರ ಒಪ್ಪಿದ ನಕ್ಷೆ, ಒಂದು ಗೆರೆಯೂ ಅಲುಗಿಸುವ ಹಾಗಿಲ್ಲ ಎಂದು ಮಾರಾಟಗಾರ ಗೋಡೆಗೆ ತೂಗುಹಾಕಿದ್ದ ತಮ್ಮ ಮುದ್ರೆಯ ಕಾಗದ ತೋರಿಸಿದ. ಆ ಮನೆಯಲ್ಲಿ ಅಸಲಿಯಾಗಿದ್ದದ್ದು ಅದೊಂದೇ.

ನಾನು ತಮಗೆ ದೂರು ಬರೆದೆ. ಐದು ತಿಂಗಳ ಮೇಲೆ ಬಂದ ಉತ್ತರದ ಸಾರಾಂಶ: ಪೀಠೋಪಕರಣಗಳು ಪ್ರಾಧಿಕಾರದ ವ್ಯಾಪ್ತಿಗೆ ಬರುವುದಿಲ್ಲ. ನಾನು ಕೇಳಿದ್ದು ಬಾಗಿಲಿನ ವಿಷಯ. ಇಲ್ಲದ ಬಾಗಿಲು ತಮ್ಮ ವ್ಯಾಪ್ತಿಗೆ ಹೇಗೆ ಬಂದೀತು, ಅದೂ ಸರಿಯೇ.

ಆ ಐದು ತಿಂಗಳು ಭಾವ ಯಾವ ಮನೆಯನ್ನೂ ನೋಡಲಿಲ್ಲ. ಅಕ್ಕ ಕಿಟಕಿ ಬಿಟ್ಟು ಕದಲಲಿಲ್ಲ. ತಮ್ಮ ಉತ್ತರ ಬಂದ ದಿನ ನಾನು ಅದನ್ನು ಹೆಂಡತಿಗೆ ಓದಿ ಹೇಳಿ, ತಮ್ಮನ್ನು ಯಥೇಚ್ಛವಾಗಿ ಬೈದೆ. ಗುಂಡಿ ಹಾಕುತ್ತಿದ್ದವಳು ಸೂಜಿಯಿಂದ ಕಣ್ಣೆತ್ತದೆ ಹೇಳಿದಳು, “ಅವರಿಗೆ ನೆಲಮಹಡಿ ಬೇಕು. ನಮಗೆ ಕಾಲು ಗಟ್ಟಿ ಇದೆ. ಇದಕ್ಕೆ ಅರ್ಜಿ ಬೇರೆ ಯಾಕೆ?”

ನಾಚಿಕೆಯಿಂದ ಹೇಳುತ್ತೇನೆ ಮಾನ್ಯರೇ, ನಾಲ್ಕು ಭಾನುವಾರ ಆ ಕುರ್ಚಿಯನ್ನು ಹೊತ್ತು ನನ್ನ ಬಾಗಿಲ ಮುಂದೆಯೇ ಇಳಿಸಿದ ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಅಂಗಡಿಯ ಗತಿ ಏನು ಎಂದೆ. ಮೂರು ಮಹಡಿ ಹತ್ತಿ ಯಾರು ರವಿಕೆ ಹೊಲಿಸಲು ಬರುತ್ತಾರೆ? ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಕ್ಕ. “ಮುಂದಿನ ಕೋಣೆ ನೀನೇ ಇಟ್ಕೋಪ್ಪ. ಗಿರಾಕಿಗಳನ್ನ ನಾನು ನೋಡ್ಕೋತೀನಿ. ಒಬ್ಬಳೇ ಕೂತು ಕೂತು ನನಗೂ ಸಾಕಾಗಿದೆ.” ಎರಡೂ ಮನೆಯ ಮಾಲೀಕರು ಒಬ್ಬರೇ; ಬಾಡಿಗೆ ಬಂದರಾಯಿತು, ಯಾರು ಎಲ್ಲಿ ಮಲಗಿದರೆ ನನಗೇನು ಎಂದರು. ಕಾಂಪೌಂಡರ ಭಾಮೈದ ಗಾರೆ ಕೆಲಸದವನು. ಬಚ್ಚಲಿನ ಗೋಡೆ ಒಡೆದು ಮೂವತ್ತೆರಡು ಇಂಚಿನ ಬಾಗಿಲು ಕೂರಿಸಲು ಅವನಿಗೆ ಎರಡು ದಿನ ಹಿಡಿಯಿತು.

ಈಗ ನನ್ನ ಅಂಗಡಿ ಅಂಗಡಿಯಾಗಿ ಉಳಿದಿಲ್ಲ, ಗ್ರಂಥಾಲಯವಾಗಿದೆ. ಹೊಲಿದ ಬಟ್ಟೆಗಳು ಅಕಾರಾದಿಯಲ್ಲಿ ತೂಗುತ್ತಿವೆ. ಪ್ರತಿ ಗಿರಾಕಿಗೂ ಒಂದು ಚೀಟಿ, ಚೀಟಿಯ ಮೇಲೆ ತಾರೀಖು. ಹೊತ್ತಿಗೆ ಸರಿಯಾಗಿ ಬಟ್ಟೆ ಒಯ್ಯದವರಿಗೆ ಅಕ್ಕ ದಂಡ ಹಾಕುತ್ತಾರೆ. ತಡವಾಗಿ ಹೊಲಿದು ಕೊಟ್ಟರೆ ನನಗೂ ಹಾಕುತ್ತಾರೆ. ಜೋರಾಗಿ ಮಾತಾಡುವವರನ್ನು ಸುಮ್ಮನಿರಿಸುವ ಹಳೆಯ ಚಾಳಿ ಹೋಗಿಲ್ಲ. ನನ್ನ ಯಂತ್ರದ ಸದ್ದಿಗೂ ಒಮ್ಮೊಮ್ಮೆ ಹುಬ್ಬುಗಂಟಿಕ್ಕುತ್ತಾರೆ.

ಮನೆ ಬದಲಾಯಿಸಿದ ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಕಾಣೆಯಾದರು. ಭಾವ ಕೋಣೆ, ಬಚ್ಚಲು, ಹಿತ್ತಲು ಎಲ್ಲ ಹುಡುಕಿ ಗಾಬರಿಯಿಂದ ಮೂರು ಮಹಡಿ ಹತ್ತಿ ಬಂದರು. ನಾವು ಬೀದಿಗೆ ಓಡಿದೆವು. ತಿರುವಿನ ಪತ್ರಿಕೆ ಅಂಗಡಿಯ ಮುಂದೆ ಅಕ್ಕ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಹೇಳದೆ ಕೇಳದೆ ಯಾಕೆ ಬಂದೆ ಎಂದು ಭಾವ ಗದರಿದರೆ, ಪುಟ ತಿರುಗಿಸುತ್ತಾ ಅಂದರು, “ಹೇಳಿ ಬರೋದು ಮರೆತೇ ಹೋಗಿತ್ತು ನೋಡಿ. ರೂಢಿ ತಪ್ಪಿದೆ.”

ಆರಡಿ ಮೂರಂಗುಲದ ಭಾವ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತು, ತಾವೂ ಒಂದು ಪೇಪರು ಕೊಂಡರು.

ಇನ್ನು ನನ್ನ ಬೇಡಿಕೆ. ಕೊಡುವ ಮನೆಯನ್ನೇ ತೋರಿಸಬೇಕು, ತೋರಿಸಿದ ಮನೆಯನ್ನೇ ಕೊಡಬೇಕು ಎಂದು ತಾವು ಆದೇಶ ಹೊರಡಿಸಬೇಕು. ಮಾದರಿ ಮನೆಗೆ ಬಾಗಿಲಿರಲಿ, ಬಾಗಿಲಿಗೆ ಚೌಕಟ್ಟಿರಲಿ, ಮಂಚದ ಮೇಲೆ ಬೆಳೆದ ಮನುಷ್ಯರು ಮಲಗುವಂತಿರಲಿ. ಬಚ್ಚಲಿನ ಬಾಗಿಲು ಗಾಲಿಕುರ್ಚಿ ಹಿಡಿಸುವಷ್ಟಿಲ್ಲದ ನಕ್ಷೆಯ ಮೇಲೆ ತಮ್ಮ ಮುದ್ರೆ ಬೀಳದಿರಲಿ. ಇವತ್ತು ನಾವೆಲ್ಲ ನೆಟ್ಟಗೆ ನಡೆಯುತ್ತಿದ್ದೇವೆ. ಅಕ್ಕನೂ ಮೂರು ವರ್ಷದ ಹಿಂದೆ ನಡೆಯುತ್ತಿದ್ದರು. ಇಷ್ಟು ಮಾಡಿದ ಮೇಲೆ ತಾವು ಹಾಕುವ ದಂಡವನ್ನು ನಾನು ತಲೆಬಾಗಿ ಕಟ್ಟುತ್ತೇನೆ. ಅಲ್ಲಿಯವರೆಗೆ ಇದೇ ನನ್ನ ಸಮಜಾಯಿಷಿ. ಇನ್ನೊಂದು ನೋಟೀಸು ಕಳಿಸುವುದಾದರೆ ದಯವಿಟ್ಟು ಹೊಸ ವಿಳಾಸಕ್ಕೆ ಕಳಿಸಿ. ಅಂಚೆಯವರು ಹತ್ತಿ ಬಂದಾರು, ಅವರ ಕಾಲೂ ಸದ್ಯಕ್ಕೆ ಗಟ್ಟಿಯಿದೆ.

ಇಂತಿ,
ಮಂಡಿನೋವಿಗೆ ಕಾಂಪೌಂಡರಿಂದ ಮುಲಾಮು ಹಚ್ಚಿಸಿಕೊಳ್ಳುತ್ತಾ,
ಮೂರನೇ ಮಹಡಿಯಿಂದ,
ಎಂದೆಂದಿಗೂ ನೈಜ ಖರೀದಿದಾರನಾಗಲಾರದ
ಒಬ್ಬ ದರ್ಜಿ