ಕಾರ್ಡಿನಲ್ಲಿ ಬಂದ ಅಡುಗೆ

11 ಏಪ್ರಿಲ್ 1954, ಭಾನುವಾರ, ಬೆಳಿಗ್ಗೆ 8

ರೊಟ್ಟಿ ಇವತ್ತೂ ಹರಿಯಿತು. ಮೂರರಲ್ಲಿ ಒಂದು ಮಾತ್ರ ದುಂಡಗೆ ಬಂತು. ಅದೂ ಒಂದು ಕಡೆ ಕರಿ. ಪೂಜೆ ಮುಗಿಸಿ, ಹರಿದದ್ದನ್ನೇ ಮೊಸರಿನಲ್ಲಿ ಮುಳುಗಿಸಿ ತಿಂದೆ. ಮೂರು ತಿಂಗಳಿಂದ ಹೀಗೇ.

ಸುಮಿತ್ರೆಯ ಕಾರ್ಡು ಮತ್ತೆ ಓದಿದೆ. ಅವಳನ್ನು ಮೈಸೂರಿನ ಸ್ಯಾನಟೋರಿಯಂಗೆ ಸೇರಿಸಿದ್ದು ಸಂಕ್ರಾಂತಿಯ ಮರುದಿನ. ಕಫದಲ್ಲಿ ರಕ್ತ ಕಂಡಿತ್ತು. ಅಂದಿನಿಂದ ಅವಳು ಬರೆಯುವುದು ನಾಲ್ಕೇ ಸಾಲು — ಕ್ಷೇಮ, ಇಂಜೆಕ್ಷನ್ ಆಗುತ್ತಿದೆ, ಊಟ ಸೇರುವುದಿಲ್ಲ, ನಿಮ್ಮ ಆರೋಗ್ಯ ನೋಡಿಕೊಳ್ಳಿ. ಈ ಸಲ ಐದನೆಯ ಸಾಲೊಂದಿದೆ: "ಹೊಳೆದಂಡೆಯ ಮಾವಿನ ಮಿಡಿ ಯಾರೂ ಕೀಳದೆ ಹಾಳಾಗುತ್ತದಲ್ಲಾ ಎಂದು ಯೋಚನೆ."

ಹೊಳೆದಂಡೆಯಲ್ಲಿ ಮಾವಿನ ಮರವಿದೆಯೇ? ಹದಿನಾರು ವರ್ಷ ಆ ಉಪ್ಪಿನಕಾಯಿ ತಿಂದಿದ್ದೇನೆ. ಮರ ಯಾವುದೆಂದು ಗೊತ್ತಿಲ್ಲ.

13 ಏಪ್ರಿಲ್

ಡಾಕ್ಟರ ಕಾಗದ. ಕಫ ಎರಡು ಪರೀಕ್ಷೆಯಲ್ಲೂ ಶುದ್ಧ. ಔಷಧ ಹಿಡಿದಿದೆ. ಆದರೆ ತೂಕ ಎಪ್ಪತ್ತೊಂಬತ್ತು ಪೌಂಡು. ರೋಗಿ ತಟ್ಟೆ ಮುಟ್ಟುವುದಿಲ್ಲ, ಬೇಡವೆಂದು ಪಕ್ಕಕ್ಕೆ ಇಡುತ್ತಾರೆ ಎಂದು ಬರೆದಿದ್ದಾರೆ. ಮೇ ಕೊನೆಯೊಳಗೆ ಎಂಬತ್ತೆಂಟು ಮುಟ್ಟಿದರೆ ಮನೆಗೆ. ಇಲ್ಲವಾದರೆ ಮಳೆಗಾಲ ಮುಗಿಯುವವರೆಗೆ ಅಲ್ಲೇ. ಈ ತೂಕದಲ್ಲಿ ಮತ್ತೆ ಜ್ವರ ತಿರುಗಿದರೆ... ಡಾಕ್ಟರು ವಾಕ್ಯ ಪೂರ್ತಿ ಮಾಡಿದ್ದಾರೆ. ನನ್ನ ಕೈಲಿ ಇಲ್ಲಿ ಬರೆಯಲಾಗದು.

ನಾಳೆಯಿಂದ ಸ್ಕೂಲಿಗೆ ರಜ.

16 ಏಪ್ರಿಲ್, ಸಂಜೆ

ಪಕ್ಕದ ಮನೆ ಗುರುಸಿದ್ದಮ್ಮನವರನ್ನು ಕೇಳಿದೆ. ನಕ್ಕರು.

"ಯಾವ ಮರ ಅಂತ ನಂಗೇನು ಗೊತ್ತಪ್ಪ ಪರಮೇಶಿ? ನಿನ್ನ ಹೆಂಡ್ತಿ ಹೋಗ್ತಿದ್ದಿದ್ದು ಮಾರಿ ಜೊತೆಗೆ. ಅವಳನ್ನೇ ಕೇಳು."

ಮಾರಿ ಕಾಫಿ ತೋಟದ ಆಳು. ಬಿಡುವಿದ್ದಾಗ ನಮ್ಮ ಹಿತ್ತಿಲಿಗೂ ಬರುತ್ತಾಳೆ. ಕೇಳಿದ ತಕ್ಷಣ ಕುಕ್ಕೆ ಎತ್ತಿಕೊಂಡು ಮುಂದೆ ನಡೆದಳು. ಗದ್ದೆ ದಾಟಿ, ಬೇಲಿ ನುಸುಳಿ, ಹೊಳೆಯ ತಿರುವು. ಎಂಥ ಮರ! ಇಷ್ಟು ಹತ್ತಿರದಲ್ಲಿ!

ಕೋಲೆತ್ತಿದೆ. ಮಾರಿ ಹೌಹಾರಿದಳು. "ಬಡೀಬ್ಯಾಡಿ ಬುದ್ದಿ! ಬಿದ್ದ ಮಿಡಿ ಒಳಗೇ ಕೊಳೀತದೆ. ತೊಟ್ಟು ಹಿಡ್ದು ಕೀಳ್ಬೇಕು."

"ಅಮ್ಮ ಹೇಗೆ ಕೀಳುತ್ತಿದ್ದರು?"

"ಹತ್ತೋರು."

ನಾನೂ ಹತ್ತಿದೆ. ನಲವತ್ನಾಲ್ಕು ವರ್ಷ, ಪಂಚೆ ಎತ್ತಿ ಕಟ್ಟಿ. ದೇವರ ದಯೆ, ಶಿಷ್ಯರು ಯಾರೂ ನೋಡಲಿಲ್ಲ. ಸೊನೆ ಸಿಡಿದು ಕೆನ್ನೆ ಸುಟ್ಟಿದೆ. ಕುಕ್ಕೆ ತುಂಬಿತು. ಬೆರಳೆಲ್ಲಾ ಇನ್ನೂ ಆ ವಾಸನೆ — ಬರೆಯುವಾಗಲೂ.

ಸುಮಿತ್ರೆಗೆ ಕಾರ್ಡು ಸಾಲದೆಂದು ಇನ್‌ಲ್ಯಾಂಡಿನಲ್ಲಿ ಬರೆದೆ. ಮರ ಹತ್ತಿದ್ದನ್ನೂ ಬರೆದೆ.

23 ಏಪ್ರಿಲ್

ಉತ್ತರ. ಕಾರ್ಡಿನ ಅಂಚಿನಲ್ಲೆಲ್ಲಾ ಸುತ್ತಿ ಬರೆದಿದ್ದಾಳೆ.

"ನೀವು ಮರ ಹತ್ತಿದ್ದನ್ನು ಪಕ್ಕದ ಬೆಡ್ಡಿನವರಿಗೆ ಎರಡು ಸಲ ಓದಿ ಹೇಳಿದೆ. ಮಿಡಿ ತೊಳೆದು ಬಟ್ಟೆಯಲ್ಲಿ ಒರೆಸಿದಿರೋ ಇಲ್ಲವೋ? ನೀರಿನ ಪಸೆ ಇದ್ದರೆ ಬೂಷ್ಟು. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ದಿನಾ ಭರಣಿ ಕುಲುಕಿ. ಕೈ ಹಾಕಬೇಡಿ. ನೀವು ಕೈ ಹಾಕುತ್ತೀರಿ, ನನಗೆ ಗೊತ್ತು. ಇವತ್ತು ಏನು ಅಡುಗೆ ಮಾಡಿದಿರಿ? ಸುಳ್ಳು ಬರೆಯಬಾರದು."

ಮೂಲೆಯಲ್ಲಿ ಸಣ್ಣದಾಗಿ: "80."

ಒರೆಸಿರಲಿಲ್ಲ. ಕೈಯನ್ನೂ ಹಾಕಿದ್ದೆ. ಎಲ್ಲಾ ಹೊರಗೆ ತೆಗೆದು ಒಂದೊಂದೇ ಒರೆಸಿ ಮತ್ತೆ ತುಂಬಿದೆ. ಮಧ್ಯಾಹ್ನವೆಲ್ಲಾ ಹಿಡಿಯಿತು. ಬೇಸರವಾಗಲಿಲ್ಲ. ಅದೇ ಆಶ್ಚರ್ಯ.

25 ಏಪ್ರಿಲ್

ಎಳೆ ಹಲಸಿನ ಪಲ್ಯ. ಕೈಗೆ ಎಣ್ಣೆ ಹಚ್ಚದೆ ಹೆಚ್ಚಿದೆ. ಅಂಟು ಕೈಗೆ, ಕತ್ತಿಗೆ, ಕನ್ನಡಕಕ್ಕೆ, ಕೊನೆಗೆ ಮೀಸೆಗೆ. ಸೀಮೆಎಣ್ಣೆಯಲ್ಲಿ ತಿಕ್ಕಿದ ಮೇಲೆ ಹೋಯಿತು. ಪಲ್ಯಕ್ಕೂ ಅದರ ವಾಸನೆ. ಆದರೂ ತಿಂದೆ. ಸುಳ್ಳು ಬರೆಯಬಾರದೆಂದಳಲ್ಲ — ಎಲ್ಲಾ ಬರೆದೆ.

28 ಏಪ್ರಿಲ್

ಹೊಳೆಯ ಪಕ್ಕದ ಜೌಗಿನಲ್ಲಿ ಒಂದೆಲಗ. ಮಾರಿ ತೋರಿಸಿದಳು. ತುಪ್ಪದಲ್ಲಿ ಬಾಡಿಸಿ, ಕಾಯಿ, ಮೆಣಸು, ಮಜ್ಜಿಗೆ. ತಂಬುಳಿ ಹಸಿರಾಗಿ ಬಂತು. ಅನ್ನ ಕಲಸಿ ಹಿಂದಿನ ಮೆಟ್ಟಿಲ ಮೇಲೆ ಕೂತು ತಿಂದೆ. ಗಾಳಿ ಬೀಸುತ್ತಿತ್ತು. ತಿನ್ನುವಾಗ ಏನನ್ನೂ ಯೋಚಿಸಲಿಲ್ಲ. ಹಾಗೆ ತಿಂದದ್ದು ಜೀವಮಾನದಲ್ಲಿ ಮೊದಲನೆಯ ಸಲವೋ ಏನೋ.

ಸಣ್ಣ ಬಾಟಲಿಯಲ್ಲಿ ಕಾಡುಮಾವಿನ ಗೊಜ್ಜು ತುಂಬಿ, ಮೈಸೂರು ಬಸ್ಸಿನ ಡ್ರೈವರ್ ಮೊಣ್ಣಪ್ಪನವರ ಕೈಲಿ ಕೊಟ್ಟೆ.

30 ಏಪ್ರಿಲ್

ಬಾಟಲಿ ಕುಶಾಲನಗರದ ಸೇತುವೆಯ ಹತ್ತಿರವೇ ಒಡೆಯಿತಂತೆ. ಮೊಣ್ಣಪ್ಪನವರು ಟೋಪಿ ತೆಗೆದು ಹೇಳಿದರು: "ಮೇಷ್ಟ್ರೇ, ಕ್ಷಮಿಸಿ. ಸೀಟೆಲ್ಲಾ ಗೊಜ್ಜು. ಒಬ್ರು ಪ್ಯಾಸೆಂಜರು ಬೆರಳಿಂದ ತೆಗ್ದು ನೆಕ್ಕಿ, ಚೆನ್ನಾಗಿದೆ ಅಂದ್ರು."

ಅದನ್ನೂ ಬರೆದೆ.

3 ಮೇ

ತೊಗಟೆಯ ಬುಟ್ಟಿ ಹಿಡಿದು ಮಾರಿಯ ಹಿಂದೆ ಕವಳೆ ಹಣ್ಣಿಗೆ ಹೋದೆ. ಹಣ್ಣು ಕಪ್ಪಾಗಿದೆ. ಮುಳ್ಳು ಕೈಯೆಲ್ಲಾ ಗೀರಿತು. ಬಾಯಿ ತುಂಬಾ ಹುಳಿ, ಹಿಂದೆಯೇ ಸಿಹಿ. ವಾಪಸ್ಸು ಬರುವಾಗ ಹೊಳೆಯ ನಡುವೆ ಒಂದು ಹಾಸುಬಂಡೆ. ಮಾರಿ ಅದನ್ನು ನೋಡಿ, "ಅಮ್ಮ ಇಲ್ಲೇ ಕೂತ್ಕೊಳೋರು. ಹಣ್ಣು ತಿನ್ಕೊಂಡು ಹಾಡೋರು" ಅಂದಳು.

"ಯಾರು? ಸುಮಿತ್ರೆಯೇ?"

"ಹೂಂ ಬುದ್ದಿ. ಗಂಟ್ಲು ಏನು ಚೆಂದ! ಒಂದೇ ಎಲೇಲಿ ಇಬ್ರೂ..." ಅಲ್ಲಿಗೇ ನಿಲ್ಲಿಸಿದಳು. ಹೇಳಬಾರದ್ದನ್ನು ಹೇಳಿದಂತೆ ಮುಖ ಆ ಕಡೆ ಮಾಡಿದಳು.

ಮಾರಿಯ ಲೋಟ ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಬೇರೆ ಇದೆ. ಅದನ್ನು ಅಲ್ಲಿ ಸಿಕ್ಕಿಸಿಟ್ಟದ್ದು ನನ್ನ ತಾಯಿ. ನಾನು ಸ್ಕೂಲಿನಲ್ಲಿ ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಪಾಠ ಹೇಳುತ್ತೇನೆ, ಮನೆಗೆ ಬಂದು ಆ ಗೋಡೆಯ ಪಕ್ಕದಲ್ಲೇ ಕಾಲು ತೊಳೆಯುತ್ತೇನೆ. ಸುಮಿತ್ರೆ ಏನೂ ಹೇಳಲಿಲ್ಲ. ಹೊಳೆಗೆ ಹೋದಳು, ಒಂದೇ ಎಲೆಯಲ್ಲಿ ತಿಂದಳು.

ಮತ್ತೆ ಹಾಡು! ನನ್ನ ಹೆಂಡತಿ ಹಾಡುತ್ತಾಳೆ. ಊರಿನ ಹೊಳೆಗೆ ಗೊತ್ತು, ನನಗೆ ಗೊತ್ತಿಲ್ಲ.

ಸಂಜೆ ಕಾಗದ ಬರೆದೆ. ಕೊನೆಯಲ್ಲಿ ಕೇಳಿದೆ — ನೀನು ಹಾಡುತ್ತೀಯಾ?

8 ಮೇ

ಕಾರ್ಡಿಲ್ಲ.

11 ಮೇ

ಇಲ್ಲ. ಮೂರು ಬಸ್ಸು ನೋಡಿದೆ. ಮಿಡಿಗೆ ಸಾಸಿವೆ, ಮೆಣಸಿನಕಾಯಿ ರುಬ್ಬಿ ಹಾಕುವ ಹೊತ್ತು. ಅಳತೆ ಅವಳೇ ಬರೆಯಬೇಕಿತ್ತು. ಕೇಳಬಾರದ್ದನ್ನು ಕೇಳಿದೆನೋ? ಅಥವಾ ಜ್ವರ...

ಇವತ್ತು ಒಲೆ ಹಚ್ಚಲಿಲ್ಲ.

12 ಮೇ

ಗುರುಸಿದ್ದಮ್ಮನವರು ಬಂದು ಭರಣಿ ಇಣುಕಿದರು. "ಕಾಗದ ಕಾಯ್ತಾ ಕೂತ್ರೆ ಮಿಡಿ ಕಾಯಲ್ಲ" ಎಂದು ತಾವೇ ರುಬ್ಬಿ ಕೊಟ್ಟರು. ಹೋಗುವಾಗ, ಬಾಗಿಲಲ್ಲಿ: "ಹೋಗಿ ನೋಡ್ಕೊಂಡು ಬಾರೋ. ಕಾಲಿಲ್ವಾ ನಿಂಗೆ?"

14 ಮೇ, ಮೈಸೂರು, ಸಂಜೆ 6, ಛತ್ರದಲ್ಲಿ

ನೋಡಿದೆ. ಜ್ವರವಿಲ್ಲ. ವರಾಂಡದ ಸಾಲಿನಲ್ಲಿ ಏಳನೆಯ ಮಂಚ. ಕೆನ್ನೆ ಸ್ವಲ್ಪ ತುಂಬಿದೆ. ತೂಕ ಎಂಬತ್ನಾಲ್ಕು. ನನ್ನ ಕೈ ನೋಡಿ ಮೊದಲು ಕೇಳಿದ್ದು — "ಇದೇನು ಗೀರು?"

"ಕವಳೆ ಮುಳ್ಳು."

"ಬಗ್ಗಿಸಿ ಕೀಳ್ಬೇಕು ಕೊಂಬೆನ. ಕೈ ತೂರ್ಸಬಾರ್ದು."

ಡಬ್ಬಿಯಿಂದ ಮಿಡಿ ತೆಗೆದು ಕೊಟ್ಟೆ. ನರ್ಸು ಒಂದೇ ಎಂದರು. ಕಚ್ಚಿದಳು, ಕಣ್ಣು ಮುಚ್ಚಿದಳು. ಬಹಳ ಹೊತ್ತು ಚೀಪಿದಳು. ಆಮೇಲೆ ಕೇಳಿದೆ.

"ಹಾಡಿನ ವಿಷಯ ಬರೆದದ್ದಕ್ಕೆ ಬೇಜಾರಾಯ್ತಾ?"

"ಬೇಜಾರಲ್ಲ. ಏನು ಬರೀಲಿ ಅಂತ ತೋಚಲಿಲ್ಲ." ಸೀರೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. "ಮದ್ವೆಯಾದ ಹೊಸ್ದು. ರೊಟ್ಟಿ ತಟ್ತಾ ಹಾಡ್ತಿದ್ದೆ. ನೀವು ಪರೀಕ್ಷೆ ಪೇಪರ್ ತಿದ್ತಿದ್ರಿ. ಏನದು ಸದ್ದು, ಅಂದ್ರಿ."

"ನಾನು ಅಂದೆನಾ?"

"ಅಂದ್ರಿ."

ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಆ ಪೇಪರು, ಆ ವರ್ಷ ಫೇಲಾದ ಹುಡುಗರ ಹೆಸರು ಸಹಾ ನೆನಪಿದೆ. ಇದು ಇಲ್ಲ.

"ಅದ್ಕೇ ಹೊಳೆಗೆ ಹೋಗ್ತಿದ್ದೆ" ಎಂದಳು. ಕೋಪವಿರಲಿಲ್ಲ. ನೀರು ತರಲು ಹೋಗುತ್ತಿದ್ದೆ ಅಂದಷ್ಟೇ ಸಹಜವಾಗಿ. "ಬಿಡಿ. ಈಗ ಹಾಡಿದ್ರೆ ಮೂರು ಸಾಲಿಗೇ ಕೆಮ್ಮು. ನೀವು ಅಡುಗೆ ಬರೀರಿ. ಅದು ಓದಿದ್ ದಿವ್ಸ ಹಸಿವಾಗತ್ತೆ."

ಐದು ಗಂಟೆಗೆ ಗಂಟೆ ಹೊಡೆದರು. ಎದ್ದೆ.

15 ಮೇ

ವಾಪಸ್ಸು. ಬರೆಯಲು ಏನೂ ಇಲ್ಲ.

18 ಮೇ

ಬರೆದರೆ ಹಸಿವಾಗುತ್ತದೆ ಎಂದಳಲ್ಲ. ಆದ್ದರಿಂದ ಇನ್ನು ದಿನಕ್ಕೊಂದು ಕಾರ್ಡು.

ಹಲಸಿನ ಬೀಜ ಕೆಂಡದಲ್ಲಿ ಸುಟ್ಟೆ. ಒಂದು ಪಟ್ಟೆಂದು ಸಿಡಿದು ಬೆಕ್ಕು ಅಟ್ಟ ಹತ್ತಿತು. ಸಿಪ್ಪೆ ಬಿಡಿಸುವಾಗ ಬೆರಳು ಸುಡಬೇಕು, ಆಗಲೇ ರುಚಿ. ಮಧ್ಯಾಹ್ನ ಸೆಕೆ. ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿ ಎರಡು ಚೊಂಬು ಕುಡಿದೆ.

20 ಮೇ

ಹಪ್ಪಳದ ದಿನ. ಹಲಸಿನ ತೊಳೆ ಬೇಯಿಸಿ ರುಬ್ಬಿ, ಬಾಳೆಲೆಯ ಮೇಲೆ ಒತ್ತಿ, ಕಣದಲ್ಲಿ ಚಾಪೆಯ ಮೇಲೆ ಒಣಹಾಕಿದೆವು — ಗುರುಸಿದ್ದಮ್ಮ, ಮಾರಿ, ನಾನು. ಕಾಗೆ ಕಾಯುವ ಕೆಲಸ ನನ್ನದು. ಅರ್ಧ ಒಣಗಿದ ಹಪ್ಪಳವೇ ಹೆಚ್ಚು ರುಚಿ. ಒಂದು ಸಾಲನ್ನೇ ನಾನು ತಿಂದೆ, ಕಾಗೆಯ ಮೇಲೆ ಹಾಕಿದೆ.

ಊಟದ ಹೊತ್ತಿಗೆ ಮಾರಿಗೆ "ಜಗುಲಿಗೆ ಬಾ, ಇಲ್ಲೇ ಕೂರು" ಎಂದೆ. ಗುರುಸಿದ್ದಮ್ಮನವರ ಕೈ ನಿಂತಿತು. ಮಾರಿ ನೆಲ ನೋಡಿದಳು.

"ಅಮ್ಮ ಬರ್ಲಿ ಬುದ್ದಿ. ಅಮ್ಮ ಕರುದ್ರೆ ಬತ್ತೀನಿ."

ಸರಿ. ನಾನು ಕರೆದರೆ ಬರಬೇಕೆಂದು ಹದಿನಾರು ವರ್ಷದಲ್ಲಿ ನಾನೇನು ಮಾಡಿದ್ದೇನೆ? ನನ್ನ ಎಲೆಯನ್ನೇ ಎತ್ತಿಕೊಂಡು ಕಣಕ್ಕೆ ಇಳಿದೆ. ಅವಳಿಂದ ನಾಲ್ಕು ಮಾರು ದೂರ, ನೆರಳಲ್ಲಿ ಕೂತು ಉಂಡೆ. ಗುರುಸಿದ್ದಮ್ಮ ಬರ್ತೀನಿ ಎಂದೂ ಹೇಳದೆ ಎದ್ದು ಹೋದರು.

ಇದನ್ನು ಸುಮಿತ್ರೆಗೆ ಬರೆದೆ, ಹಪ್ಪಳದ ಹದದ ಕೆಳಗೆ.

26 ಮೇ

ಕಾರ್ಡು. "ಹಪ್ಪಳಕ್ಕೆ ಉಪ್ಪು ಹಿಟ್ಟಿನಲ್ಲಿ ಕಡಿಮೆ ಅನ್ನಿಸಬೇಕು, ಒಣಗಿದರೆ ಸರಿಹೋಗುತ್ತದೆ. ಗುರುಸಿದ್ದಮ್ಮನವರು ನಾಲ್ಕು ದಿನಕ್ಕೆ ಬರುತ್ತಾರೆ, ನೀವಾಗಿ ಮಾತಾಡಿಸಬೇಡಿ. ಕಣದಲ್ಲಿ ಕೂತದ್ದು ಓದಿದೆ."

ಅದರ ಬಗ್ಗೆ ಅಷ್ಟೇ. ಆದರೆ ಆ ಸಾಲಿನ ಅಕ್ಷರ ಮಿಕ್ಕವುಗಳಿಗಿಂತ ದೊಡ್ಡದು.

"86."

31 ಮೇ, ಮಧ್ಯಾಹ್ನ

ಅವಳ ಕಾರ್ಡು. ಎಂಬತ್ತೇಳೂವರೆ! ಡಾಕ್ಟರು ಅರ್ಧ ಪೌಂಡು ಬಿಟ್ಟರಂತೆ. ಮೂರನೆಯ ಸಲವೂ ಕಫ ಶುದ್ಧ. ಶನಿವಾರ ಕರೆದುಕೊಂಡು ಹೋಗಬಹುದು. ಷರತ್ತು: ಬೇರೆ ತಟ್ಟೆ, ಬೇರೆ ಕೋಣೆ, ಒಂದು ವರ್ಷ ಒಲೆಯ ಹೊಗೆ ಕೂಡದು, ಬಗ್ಗುವ ಕೆಲಸ ಕೂಡದು. ಇಂಜೆಕ್ಷನ್‌ಗೆ ಶನಿವಾರಸಂತೆ ಊರಿನ ಕಂಪೌಂಡರು.

ಕೆಳಗೆ ಇನ್ನೊಂದು ಸಾಲು: "ತೂಗುವ ಮುಂಚೆ ಎರಡು ಲೋಟ ನೀರು ಕುಡಿದೆ. ಯಾರಿಗೂ ಹೇಳಬೇಡಿ."

5 ಜೂನ್, ಸಂಜೆ

ಬಂದಳು. ಮೊಣ್ಣಪ್ಪನವರು ಬಸ್ಸನ್ನು ನಮ್ಮ ಗದ್ದೆಯ ತಿರುವಿನಲ್ಲೇ ನಿಲ್ಲಿಸಿದರು, ಸ್ಟಾಪಿಲ್ಲದಿದ್ದರೂ. ಮಾರಿ ಬೇಲಿಯ ಬಳಿ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು.

6 ಜೂನ್

ಹದಿನಾರು ವರ್ಷ ಅವಳು ನಾನು ಉಂಡ ಮೇಲೆ ಉಂಡವಳು. ಇವತ್ತು ಅವಳಿಗೆ ಮೊದಲು. ನಡುಮನೆಯಲ್ಲಿ ಅವಳ ಹೊಸ ತಟ್ಟೆ. ನಾನು ಸೌಟು ಹಿಡಿದು ನಿಂತೆ. ಅನ್ನ, ಮಾವಿನಹಣ್ಣಿನ ಗೊಜ್ಜು, ಹಪ್ಪಳ. ಮೊದಲ ತುತ್ತು ನುಂಗಿದಳು. ಅವಳು ತಲೆ ಎತ್ತಲಿಲ್ಲ. ಎರಡು, ಮೂರು... ಬಡಿಸಿದವರು ಹೀಗೆ ನಿಂತು ಕಾಯುತ್ತಾರೆಂದು, ಕಾಯುವುದು ಇಷ್ಟು ಉದ್ದವೆಂದು, ಉಣ್ಣುವವನಿಗೆ ತಿಳಿಯುವುದೇ ಇಲ್ಲ.

"ಬೆಲ್ಲ ಒಂದು ಚೂರು ಜಾಸ್ತಿ" ಎಂದಳು. ಮತ್ತೆ, "ಇನ್ನೊಂದ್ ಸೌಟು ಹಾಕಿ."

ಹಾಕಿದೆ.

"ನೀವೂ ಕೂತ್ಕೊಳ್ಳಿ. ತಲೆ ಮೇಲೆ ಹೀಗೆ ನಿಂತಿದ್ರೆ ಗಂಟ್ಲಲ್ಲಿ ಇಳಿಯಲ್ಲ."

ಹೊಸಿಲಿನ ಈಚೆ ನಾನು, ಆಚೆ ಅವಳು. ಡಾಕ್ಟರು ಹೇಳಿದ ದೂರ. ಮೊದಲ ಸಲ ಒಟ್ಟಿಗೆ ಉಂಡೆವು. ಹಪ್ಪಳ ಮುರಿಯುವ ಸದ್ದು — ಒಂದು ಅಲ್ಲಿ, ಒಂದು ಇಲ್ಲಿ.

10 ಜೂನ್, ಬೆಳಿಗ್ಗೆ 7

ಎರಡು ದಿನದಿಂದ ಮಳೆ. ಈಗ ಹೊಳವಾಗಿದೆ. ಗೋಡೆಯ ಉದ್ದಕ್ಕೂ ಚಗಟೆ ಸೊಪ್ಪು ಎದ್ದಿದೆ, ಬೆರಳುದ್ದ. ನಾನು ಕಸವೆಂದುಕೊಂಡಿದ್ದೆ. ಅವಳು ಕಿಟಕಿಯಿಂದ ನೋಡಿ, "ಇವತ್ತೇ ಚಿವುಟ್ಬೇಕು, ನಾಳೆಗೆ ಕಹಿ" ಎಂದಳು. ನಾನು ಚಿವುಟುತ್ತೇನೆ, ಇದನ್ನೊಂದು ಬರೆದು ಬರುತ್ತೇನೆ ಎಂದೆ. ಮಂಚ ಕಿರುಗುಟ್ಟಿತು. ಈಗ ನೋಡಿದರೆ ಅಂಗಳದಲ್ಲಿದ್ದಾಳೆ — ಶಾಲು ಹೊದ್ದು, ಬಗ್ಗಿ! ಬೇಲಿಯ ಆಚೆಯಿಂದ ಮಾರಿ "ಅಮ್ಮಾ, ಬಗ್ಗಬ್ಯಾಡಿ" ಎನ್ನುತ್ತಿದ್ದಾಳೆ. ಇವಳು "ಹಾಗಾದ್ರೆ ನೀನು ಈಚೆಗೆ ಬಾ, ಜಗುಲಿ ಮೇಲೆ ಕೂತು ಸೋಸು" ಎನ್ನುತ್ತಿದ್ದಾಳೆ. ಮಾರಿ ನನ್ನ ಕಿಟಕಿಯತ್ತ ನೋಡಿದಳು. ನಾನು ಎದ್ದೆ. ಮೊರ ಬೇಕಂತೆ, ಕೂಗುತ್ತಿದ್ದಾಳೆ. ಬೇಳೆ ಇನ್ನೂ ನೆನೆಹಾಕಿಲ್ಲ. ಹೊರಟೆ.